ಹದಿನಾರು ಕೆರೆಯ ಹೆಬ್ಬಾತು, ಕಬ್ಬಿನ ಗದ್ದೆಯ ಬೋನು: ಒಂದು ‘ಮರೆ’ಯ ಇತಿಹಾಸ

ಇವತ್ತಿನ ಸಂಚಿಕೆ ಅಡಗಿ ಕೂರೋದರ ಬಗ್ಗೆ. ಬೇಟೆಗಾರ ಪ್ರಾಣಿಗೆ ಕಾಣದ ಹಾಗೆ ಕಟ್ಟಿಕೊಳ್ಳೋ ಜಾಗಕ್ಕೆ ನಮ್ಮ ಕಡೆ ಇರೋ ಸರಳ ಮಾತು ‘ಮರೆ’. ಆ ಮರೆಯ ಇತಿಹಾಸ ಹುಡುಕ್ತಾ ಹೋದವನು ಕೊನೆಗೆ ನಾನೇ ಮಾಡಿದ ಒಂದು ತಪ್ಪಿನ ಮುಂದೆ ಬಂದು ನಿಂತೆ. ಅದನ್ನೂ ಹೇಳ್ತೀನಿ.

ಕಥೆ ಶುರುವಾಗಿದ್ದು ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಯಲ್ಲಿ. ಡಿಸೆಂಬರ್ ತಿಂಗಳು, ಬೆಳಿಗ್ಗೆ ಆರೂವರೆ. ಗೆಳೆಯನ ಬೈಕಲ್ಲಿ ಹೋಗಿದ್ವಿ. ನೀರಿನ ಅಂಚಲ್ಲಿ ಪಟ್ಟೆತಲೆ ಹೆಬ್ಬಾತುಗಳ ದೊಡ್ಡ ಗುಂಪು. ಬಿಳಿ ತಲೆ, ಹಿಂದೆ ಎರಡು ಕಪ್ಪು ಪಟ್ಟೆ, ನೋಡಿದ ಕೂಡಲೇ ಗುರುತು ಸಿಗುತ್ತೆ. ನಾನು ಫೋನ್ ಎತ್ತಿಕೊಂಡು ಏರಿ ಮೇಲಿಂದ ಇಳಿದೆ. ಹತ್ತು ಹೆಜ್ಜೆ ಇಟ್ಟಿಲ್ಲ, ಎಲ್ಲಾ ಕತ್ತೂ ಒಟ್ಟಿಗೆ ಮೇಲಾಯ್ತು. ಇನ್ನೂ ಹತ್ತು ಹೆಜ್ಜೆ, ಅಷ್ಟೂ ಹಕ್ಕಿ ಆಕಾಶದಲ್ಲಿ.

ಎಮ್ಮೆ ಹೊಡ್ಕೊಂಡು ಬರ್ತಿದ್ದ ಹಿರಿಯರೊಬ್ಬರು ನಿಂತು ನಕ್ಕರು. “ನೆಟ್ಟಗೆ ನಿಂತ್ಕಂಡು ಹೋದ್ರೆ ನಿಂತದಾ ಕಣಪ್ಪ? ನಮ್ ಎಮ್ಮೆ ಪಕ್ಕದಲ್ಲಿ ಬಗ್ಗಿ ಹೋಗು, ಏನೂ ಮಾಡಾಕಿಲ್ಲ” ಅಂದ್ರು.

ಆ ಮಾತು ತಲೆಯಲ್ಲಿ ಕೂತುಬಿಡ್ತು. ಹಳೇ ಶಿಕಾರಿ ಬರಹಗಳಲ್ಲಿ ಇದೇ ಉಪಾಯ ಬರುತ್ತೆ. ಬಯಲಲ್ಲಿ ಕೃಷ್ಣಮೃಗ ಹತ್ತಿರ ಸೇರಿಸದೇ ಇದ್ದಾಗ, ಬೇಟೆಗಾರರು ಎತ್ತಿನ ಗಾಡಿಯ ಮರೆಯಲ್ಲಿ ಹೋಗ್ತಿದ್ದರು. ದಿನಾ ನೋಡೋ ಎತ್ತು, ದಿನಾ ನೋಡೋ ಗಾಡಿ. ಅದರ ಜೊತೆಗಿರೋ ಮನುಷ್ಯ ಪ್ರಾಣಿಯ ಲೆಕ್ಕಕ್ಕೆ ಬರಲ್ಲ. ಭಾರತದ ಹಲವು ಕಡೆ ಬಾತು ಹಿಡಿಯೋರು ಇನ್ನೂ ಮುಂದೆ ಹೋಗಿದ್ದರು. ಕೆಲವು ದಿನ ಖಾಲಿ ಮಡಕೆಗಳನ್ನ ಕೆರೆಯಲ್ಲಿ ತೇಲಿಬಿಡೋದು. ಬಾತುಗಳಿಗೆ ಮಡಕೆ ಅಭ್ಯಾಸ ಆದ ಮೇಲೆ, ಕಣ್ಣಿಗೆ ತೂತು ಮಾಡಿದ ಮಡಕೆ ತಲೆಗೆ ಹಾಕ್ಕೊಂಡು ಕತ್ತಿನವರೆಗೆ ನೀರಲ್ಲಿ ನಡೆದು ಹೋಗಿ, ಕೆಳಗಿಂದ ಕಾಲು ಹಿಡಿದು ಎಳೆಯೋದು.

ಗಮನಿಸಿ, ಇಲ್ಲಿ ಮಡಕೆ ಏನನ್ನೂ ಪೂರ್ತಿ ಮುಚ್ಚಿಲ್ಲ. ಬಾತು ಅದನ್ನ ಚೆನ್ನಾಗಿ ನೋಡ್ತಾನೇ ಇದೆ. ನೋಡಿ, ಲೆಕ್ಕಕ್ಕೆ ಇಲ್ಲ ಅಂತ ಬಿಟ್ಟಿದೆ. ಕನ್ನಡದಲ್ಲಿ ಮರೆ ಅಂದ್ರೆ ಅಡ್ಡ, ಮುಚ್ಚು. ಮರೆ ಅಂದ್ರೆ ನೆನಪು ಬಿಡು ಅಂತಲೂ ಹೌದು. ಬೇಟೆಯ ಮರೆಗೆ ಈ ಎರಡೂ ಅರ್ಥ ಬೇಕು. ಮುಚ್ಚಿಕೊಳ್ಳೋದು ಕಾಲು ಭಾಗ ಕೆಲಸ. ಪ್ರಾಣಿ ನಿನ್ನನ್ನ ಮರೆಯೋ ಹಾಗೆ ಮಾಡೋದು ಉಳಿದ ಮುಕ್ಕಾಲು.

ಈಗ ಸ್ವಲ್ಪ ಹಿಮದ ಕಡೆ ಹೋಗೋಣ. ಯಾಕಂದ್ರೆ ಹದಿನಾರು ಕೆರೆಯ ಈ ಅತಿಥಿಗಳು ಬರೋದೇ ಚಳಿ ದೇಶದಿಂದ. ಪಟ್ಟೆತಲೆ ಹೆಬ್ಬಾತು ಮರಿ ಮಾಡೋದು ಮಂಗೋಲಿಯಾ, ಟಿಬೆಟ್ ಪ್ರಸ್ಥಭೂಮಿ ಕಡೆ. ಅಲ್ಲಿ ನೀರು ಹೆಪ್ಪುಗಟ್ಟೋ ಮೊದಲು ಹಿಮಾಲಯ ದಾಟಿ ಬರುತ್ತೆ. 7,000 ಮೀಟರ್‌ಗೂ ಮೇಲೆ ಹಾರಿದ್ದು ಉಪಗ್ರಹ ಟ್ಯಾಗ್‌ಗಳಲ್ಲಿ ದಾಖಲಾಗಿದೆ. ಮಂಗೋಲಿಯಾದಲ್ಲಿ ಕತ್ತಿಗೆ ಪಟ್ಟಿ ಹಾಕಿ ಬಿಟ್ಟ ಹಕ್ಕಿಗಳು ಮೈಸೂರು ಸುತ್ತಲಿನ ಕೆರೆಗಳಲ್ಲಿ ಕಂಡಿವೆ.

ಹಿಮದ ಮೇಲೆ ಹೆಬ್ಬಾತಿಗಾಗಿ ಅಡಗೋದು ಹೇಗೆ? ನಮಗೆ ಮರ ಇದೆ, ಪೊದೆ ಇದೆ, ಕಬ್ಬಿದೆ. ಅಲ್ಲಿ ಬರೀ ಬಿಳಿ. ಕೆನಡಾದ ಜೇಮ್ಸ್ ಬೇ ತೀರದಲ್ಲಿ ಕ್ರೀ ಅನ್ನೋ ಮೂಲನಿವಾಸಿ ಜನ ಇದ್ದಾರೆ. ಚಳಿಗಾಲ ಮುಗಿದು ನೆಲದಲ್ಲಿ ಇನ್ನೂ ಹಿಮ ಇರುವಾಗಲೇ ಹೆಬ್ಬಾತುಗಳು ಉತ್ತರಕ್ಕೆ ವಾಪಸ್ ಬರ್ತವೆ. ಆಗ ಇವರ ಊರುಗಳ ಶಾಲೆಗಳಿಗೂ ರಜೆ, ಮನೆ ಮಂದಿಯೆಲ್ಲಾ ಬೇಟೆ ಬಿಡಾರಕ್ಕೆ ಹೋಗ್ತಾರೆ. ಹಿಮದ ಗಟ್ಟಿಗಳನ್ನ ಕತ್ತರಿಸಿ ಜೋಡಿಸಿ, ಸ್ಪ್ರೂಸ್ ಮರದ ಕೊಂಬೆ ಸಿಕ್ಕಿಸಿ, ಕೂತರೆ ತಲೆ ಮುಚ್ಚೋಷ್ಟು ಎತ್ತರದ ಗೋಡೆ ಕಟ್ಟಿಕೊಳ್ತಾರೆ. ಮೇಲೆ ಬಿಳಿ ಬಟ್ಟೆ.

ಇದರಲ್ಲಿ ಸಣ್ಣ ಸಣ್ಣ ಲೆಕ್ಕಗಳಿವೆ. ಹಿಮದ ಬಯಲಲ್ಲಿ ನೇರ ಗೆರೆ, ಚೂಪಾದ ಮೂಲೆ ಇರಲ್ಲ. ಹಾಗಾಗಿ ಗೋಡೆಯ ಅಂಚಿಗೆ ಪುಡಿ ಹಿಮ ಎಸೆದು ದುಂಡಗೆ ಮಾಡಬೇಕು. ಎತ್ತರ ಜಾಸ್ತಿ ಆದರೆ ಬಿಸಿಲಲ್ಲಿ ಉದ್ದ ನೆರಳು ಬೀಳುತ್ತೆ, ಬಿಳಿ ನೆಲದ ಮೇಲೆ ಆ ನೆರಳೇ ದೂರು ಹೇಳುತ್ತೆ. ಅದಕ್ಕೆ ಗೋಡೆ ಏರಿಸೋ ಬದಲು ಕೂರೋ ಜಾಗವನ್ನೇ ಸ್ವಲ್ಪ ತೋಡೋದು ಒಳ್ಳೇದು. ಇನ್ನು ಹೆಜ್ಜೆ ಗುರುತು. ಹಕ್ಕಿ ನೋಡೋದು ಮೇಲಿಂದ ಅಲ್ವಾ, ನಾಲ್ಕು ದಿಕ್ಕಿಂದ ಬಂದ ಹೆಜ್ಜೆಗಳು ಒಂದು ಗುಡ್ಡೆಗೆ ಸೇರಿದ್ದರೆ ಬಾಣ ಗುರುತು ಹಾಕಿ ತೋರಿಸಿದ ಹಾಗೆ. ಒಂದೇ ದಾರಿಯಲ್ಲಿ ಹೋಗಬೇಕು, ಹಿಂದಿನದನ್ನ ಅಳಿಸಿಕೊಂಡು ಹೋಗಬೇಕು. ಕೊನೆಗೆ ಎಲ್ಲಕ್ಕಿಂತ ಕಷ್ಟದ್ದು, ಅಲುಗಾಡದೇ ಕೂರೋದು.

ನನಗೆ ನಿಜವಾಗಿ ಹಿಡಿಸಿದ್ದು ಇದಲ್ಲ. ಕ್ರೀ ಹಿರಿಯರ ಶಿಸ್ತು. ಪ್ರತಿ ಜಾಗದ ಬೇಟೆಗೆ ಒಬ್ಬ ಹಿರಿಯ ಮುಖ್ಯಸ್ಥ. ಗಾಳಿಯೇ ಇಲ್ಲದ ದಿನ ಗುಂಡು ಹಾರಿಸಬಾರದು, ಶಬ್ದ ದೂರ ಹೋಗುತ್ತೆ. ಕತ್ತಲಾದ ಮೇಲೆ ಹಾರಿಸಬಾರದು. ಒಂದೇ ಜಾಗದಲ್ಲಿ ದಿನಾ ಕೂರಬಾರದು, ಜಾಗ ಬದಲಾಯಿಸ್ತಾ ಇರಬೇಕು. ಯಾಕೆ? ಹೆಬ್ಬಾತಿಗೆ ಇಲ್ಲಿ ಭಯ ಇದೆ ಅನ್ನೋ ನೆನಪು ಕೂರಬಾರದು. ಕೂತರೆ ಮುಂದಿನ ವರ್ಷ ಅದು ಇಳಿಯೋದೇ ಇಲ್ಲ. ನಾನು ಬಿಕಾಂ ಓದಿದವನು, ನನ್ನ ಭಾಷೆಯಲ್ಲಿ ಹೇಳಬೇಕಂದ್ರೆ ಇವತ್ತಿನ ಲಾಭಕ್ಕೆ ಬಂಡವಾಳಕ್ಕೇ ಕೈ ಹಾಕಬಾರದು ಅನ್ನೋ ನಿಯಮ.

ಸರಿ, ಹಿಮದಿಂದ ವಾಪಸ್ ಹದಿನಾರಿಗೆ. ಈ ಊರಿಗೂ ಅಡಗೋದಕ್ಕೂ ಹಳೇ ನಂಟಿದೆ. ಮೈಸೂರು ಅರಸರ ವಂಶದ ಮೂಲ ಹೇಳೋ ಐತಿಹ್ಯ ನಡೆಯೋದು ಇದೇ ಹದಿನಾಡಿನಲ್ಲಿ, 1399ರಲ್ಲಿ. ಕರ್ನಲ್ ಮಾರ್ಕ್ ವಿಲ್ಕ್ಸ್ 1810ರಲ್ಲಿ ಮೊದಲ ಸಂಪುಟ ಪ್ರಕಟಿಸಿದ ತನ್ನ ಇತಿಹಾಸದಲ್ಲಿ ಇದನ್ನ ಬರೆದಿದ್ದಾನೆ. ಹದಿನಾಡಿನ ಒಡೆಯನ ಮಗಳನ್ನ ಬಲವಂತದಿಂದ ಮದುವೆಯಾಗೋಕೆ ಕಾರುಗಹಳ್ಳಿಯ ನಾಯಕ ಬರ್ತಾನೆ. ದ್ವಾರಕೆ ಕಡೆಯಿಂದ ಬಂದ ಅಣ್ಣತಮ್ಮಂದಿರು ಕೆಲವರನ್ನ ಕಟ್ಟಿಕೊಂಡು ಔತಣದ ಮನೆಯಲ್ಲಿ ಅಡಗಿ ಕೂತಿದ್ದು, ಅವನು ಊಟಕ್ಕೆ ಕೂತಾಗ ಹೊರಗೆ ಬಂದು ಮುಗಿಸ್ತಾರೆ. ಆ ಅಣ್ಣನೇ ಯದುರಾಯ. ಐತಿಹ್ಯ ಅಂತಲೇ ತಗೊಳ್ಳಿ. ಆದರೆ ಒಂದು ರಾಜಮನೆತನ ತನ್ನ ಹುಟ್ಟಿನ ಕಥೆಯಲ್ಲಿ ಅಡಗಿ ಕೂತದ್ದನ್ನ ಬಚ್ಚಿಡದೆ ಹೇಳಿಕೊಂಡಿದೆ ಅನ್ನೋದು ಗಮನಿಸಬೇಕಾದ್ದು.

ಯಾಕಂದ್ರೆ ನಮ್ಮ ಕಲ್ಲುಗಳು ಸಾಮಾನ್ಯವಾಗಿ ಹೊಗಳೋದು ಎದುರು ನಿಂತವರನ್ನ. ನಮ್ಮ ತಿ. ನರಸೀಪುರ ತಾಲ್ಲೂಕಿನ ತಲಕಾಡು ಗಂಗರ ರಾಜಧಾನಿ. ಆ ಗಂಗರ ಕಾಲದ ಆತಕೂರು ಶಾಸನ ಕೇಳಿರಬಹುದು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನದು, ಕ್ರಿ.ಶ. 949-50ರ ಕಾಲದ್ದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಹೋರಾಡಿದ ಮಣಲೆರ ಅನ್ನೋ ವೀರನಿಗೆ ಏನು ಬೇಕು ಕೇಳು ಅಂದರೆ, ಕಾಳಿ ಅನ್ನೋ ಬೇಟೆನಾಯಿ ಕೇಳಿದ. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಂತಿತು, ಪೂಜೆಗೆ ಭೂಮಿ ದಾನ ಆಯ್ತು. ಕಲ್ಲಿನ ಮೇಲೆ ನಾಯಿ, ಹಂದಿ ಮುಖಾಮುಖಿ. ಹುಲಿ ಜೊತೆ ಹೋರಾಡಿ ಸತ್ತವರ ವೀರಗಲ್ಲುಗಳೂ ಕರ್ನಾಟಕದಲ್ಲಿ ಬೇಕಾದಷ್ಟಿವೆ. ಪೊದೆಯಲ್ಲಿ ರಾತ್ರಿಯಿಡೀ ಕೂತವನಿಗೆ ಕೆತ್ತಿದ ಕಲ್ಲು ಮಾತ್ರ ನನ್ನ ಕಣ್ಣಿಗೆ ಇದುವರೆಗೆ ಬಿದ್ದಿಲ್ಲ.

ಆದರೆ ದಿನನಿತ್ಯದ ಬೇಟೆ ನಡೆದಿದ್ದು ಮರೆಯಿಂದಲೇ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಬೇಟೆಗೇ ಒಂದು ಭಾಗ ಇದೆ. ಸಾಕಿದ ಜಿಂಕೆಯನ್ನ ಮುಂದೆ ಬಿಟ್ಟು ಕಾಡಿನ ಜಿಂಕೆ ಸೆಳೆಯೋ ವಿಧಾನವೂ ಅದರಲ್ಲಿ ಬರುತ್ತೆ. ನಮ್ಮ ಹಿರಿಯರ ಎಮ್ಮೆ, ಬಾತಿನ ಮಡಕೆ, ರಾಜನ ಸಾಕುಜಿಂಕೆ, ಮೂರರದ್ದೂ ಒಂದೇ ಸೂತ್ರ. ಪರಿಚಯದ್ದನ್ನ ಮುಂದೆ ಇಡು, ಹಿಂದೆ ನೀನಿರು.

ನಮ್ಮ ತಾತ ರಾಜ ಅಲ್ಲ. ಹೊಲದಲ್ಲಿ ಅಟ್ಟಣೆ ಕಟ್ಟಿ ಹಂದಿ ಕಾಯ್ತಿದ್ದವರು. ಹುಡುಗನಾಗಿದ್ದಾಗ ಅವರ ಜೊತೆ ಕೂತಿದ್ದೀನಿ. ಸೊಪ್ಪು ಜಾಸ್ತಿ ಹೊದಿಸೋಣ ಅಂದ್ರೆ ಬೈಯ್ತಿದ್ದರು. “ಹಂದಿಗೆ ಕಣ್ಣು ಮಂಕು ಕಣ್ಲಾ, ಮೂಗು ಮಂಕಲ್ಲ. ಗಾಳಿ ಎತ್ಲಾಗಿಂದ ಬತ್ತದೆ ನೋಡ್ಕಂಡು ಕೂತ್ಕ. ಸೊಪ್ಪು ನಿನ್ ವಾಸ್ನೆ ತಡೆದದಾ?” ಯಾವ ಪ್ರಾಣಿ ಯಾವುದರಿಂದ ನಿನ್ನನ್ನ ಕಂಡುಹಿಡಿಯುತ್ತೆ ಅಂತ ಮೊದಲು ತಿಳ್ಕೋ, ಆಮೇಲೆ ಮರೆ ಕಟ್ಟು. ಹಕ್ಕಿಗಾದರೆ ಕಣ್ಣಿಗೆ, ಹಂದಿಗಾದರೆ ಮೂಗಿಗೆ.

ಈ ಮರೆಯ ವಿದ್ಯೆ ಅತಿ ದೊಡ್ಡದಾಗಿ ನಡೆದದ್ದು ನಮ್ಮ ಕಪಿಲೆಯ ಮೇಲ್ಭಾಗದಲ್ಲಿ. ನಂಜನಗೂಡು ದಾಟಿ ತಿರುಮಕೂಡಲಲ್ಲಿ ಕಾವೇರಿ ಸೇರೋ ಇದೇ ನದಿಯ ದಂಡೆಯ ಕಾಕನಕೋಟೆಯಲ್ಲಿ ಮೈಸೂರು ಸಂಸ್ಥಾನದ ಖೆಡ್ಡಾ ನಡೀತಿತ್ತು. ಅದಕ್ಕೆ ಮೊದಲು 1874ರಲ್ಲಿ ಜಿ. ಪಿ. ಸ್ಯಾಂಡರ್ಸನ್ ಅನ್ನೋ ಅಧಿಕಾರಿ ಚಾಮರಾಜನಗರದ ಹತ್ತಿರ ಒಂದೇ ಸಲಕ್ಕೆ 50ಕ್ಕೂ ಹೆಚ್ಚು ಆನೆ ಹಿಡಿದು ಈ ವಿಧಾನ ಇಲ್ಲಿ ಸಾಧ್ಯ ಅಂತ ತೋರಿಸಿದ್ದ. ಹಿಂದಿನ ವರ್ಷದ ಪ್ರಯತ್ನ ಸೋತಿತ್ತು.

ಖೆಡ್ಡಾ ಅಂದ್ರೆ ಲಾಳಿಕೆ ಥರ. ದೂರದಲ್ಲಿ ಅಗಲ, ಹತ್ತಿರ ಬಂದ ಹಾಗೆ ಕಿರಿದು, ಕೊನೆಗೆ ದಿಮ್ಮಿಗಳ ಬೇಲಿ ಇರೋ ಆವರಣ. ಹಿಂದಿಂದ ನೂರಾರು ಜನ ತಮಟೆ ಬಡಿದು ಓಡಿಸ್ತಾರೆ. ಆನೆಗೆ ಮುಂದೆ ಕಾಣೋದು ಕಾಡೇ ಆಗಿರಬೇಕು. ಹಾಗಾಗಿ ಬೇಲಿಗೆ, ಬಾಗಿಲಿಗೆ ಹಸಿರು ಕೊಂಬೆ ಕಟ್ಟಿ ಮುಚ್ತಿದ್ದರು. ಮೇಲೆ ಅಡಗಿ ಕೂತವನು ಸರಿಯಾದ ಗಳಿಗೆಯಲ್ಲಿ ಹಗ್ಗ ಕಡಿದರೆ ಬಾಗಿಲು ಬೀಳುತ್ತೆ. ಆನೆ ಯಾವ ದಾರಿಯಲ್ಲಿ ನಡೆಯುತ್ತೆ, ಯಾವುದಕ್ಕೆ ಬೆದರುತ್ತೆ ಅಂತ ಗೊತ್ತಿದ್ದವರು ಕಾಡಿನ ಜೇನುಕುರುಬರು, ಬೆಟ್ಟಕುರುಬರು. ನೋಡೋಕೆ ಬರ್ತಿದ್ದವರು ವೈಸರಾಯ್‌ಗಳು, ಇಂಗ್ಲೆಂಡಿನ ರಾಜಕುಮಾರರು. ಫೋಟೋದಲ್ಲಿ ಉಳಿದದ್ದು ಯಾರ ಹೆಸರು ಅಂತ ಹೇಳಬೇಕಾಗಿಲ್ಲ.

ಕೊನೇ ಖೆಡ್ಡಾ ನಡೆದಿದ್ದು 1971ರಲ್ಲಿ. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು ಆ ಜಾಗವೇ ಹಿನ್ನೀರಿನಲ್ಲಿ ಮುಳುಗಿತು.

ಮಧ್ಯದಲ್ಲಿ ಕಾನೂನಿನ ಕಥೆಯೂ ಇದೆ. 1901ರಲ್ಲಿ ಮೈಸೂರು ಸಂಸ್ಥಾನ ಬೇಟೆ ಪ್ರಾಣಿ ಮತ್ತು ಮೀನು ಸಂರಕ್ಷಣೆಗೆ ಕಾಯ್ದೆ ತಂತು. ಅಲ್ಲಿಂದ ಮರೆಯಲ್ಲಿ ಕೂತವರು ಎರಡು ಥರ ಆದರು. ಅನುಮತಿ ಇದ್ದವನು ಶಿಕಾರಿ, ಇಲ್ಲದವನು ಕಳ್ಳಬೇಟೆಗಾರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿಯ ಕಾಲವೂ ಮುಗೀತು. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. ಮರೆ ಮಾತ್ರ ಹೋಗಲಿಲ್ಲ, ಕೆಲಸ ಬದಲಾಯಿಸಿತು. 1990ರ ದಶಕದಲ್ಲಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟು, ಪಟ್ಟೆ ನೋಡಿ ಹುಲಿ ಲೆಕ್ಕ ಹಾಕೋ ವಿಧಾನ ಬೆಳೆಸಿದರು. ಅದು ಮನುಷ್ಯನೇ ಇಲ್ಲದ ಮರೆ.

ಮನುಷ್ಯನಿಲ್ಲದ ಇನ್ನೊಂದು ಮರೆಯೂ ಇದೆ, ಉರುಳು. ಬೇಲಿ ಸಂದಿಯಲ್ಲಿ ಅಡಗಿಸಿದ ತಂತಿ. ಅಟ್ಟಣೆಯಲ್ಲಿ ಕೂತ ತಾತ ಮರಿ ಇರೋ ಹಂದಿ ಕಂಡರೆ ಕೂಗಿ ಓಡಿಸ್ತಿದ್ದರು, ಅಷ್ಟೇ. ತಂತಿಗೆ ಹಂದಿ ಯಾವುದು, ಚಿರತೆ ಯಾವುದು, ಪಕ್ಕದ ಮನೆ ನಾಯಿ ಯಾವುದು ಅಂತ ಗೊತ್ತಿಲ್ಲ. ಅಡಗಿ ಕೂತವನಿಗೆ ಬಿಡೋ ಆಯ್ಕೆ ಇದೆ, ಉರುಳಿಗೆ ಇಲ್ಲ.

ಈಗ ನನ್ನ ತಪ್ಪಿಗೆ ಬರ್ತೀನಿ.

2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿವರೆಗೆ, ಮೂರು ತಿಂಗಳೂ ತುಂಬೋ ಮೊದಲು, ನಮ್ಮ ತಿ. ನರಸೀಪುರ ತಾಲ್ಲೂಕಲ್ಲಿ ಚಿರತೆ ದಾಳಿಗೆ ನಾಲ್ಕು ಜನ ಸತ್ತರು. ಅದರಲ್ಲಿ ಇಬ್ಬರು ಓದೋ ವಯಸ್ಸಿನವರು, ಒಬ್ಬ 11 ವರ್ಷದ ಹುಡುಗ, ಒಬ್ಬರು ವಯಸ್ಸಾದ ಅಮ್ಮ. ನೀವು ನ್ಯೂಸಲ್ಲಿ ನೋಡಿರ್ತೀರಿ. ನಾವು ಆ ಕತ್ತಲಲ್ಲಿ ಬದುಕಿದ್ವಿ. ಸಂಜೆ ಆರಕ್ಕೆ ಬೀದಿ ಖಾಲಿ. ನನ್ನ ಚಿಕ್ಕಪ್ಪನ ಮಗಳು ಕಾಲೇಜು ಬಸ್ಸಿಗೆ ಹೋಗೋವಾಗ ಮನೆಯ ಇಬ್ಬರು ದೊಣ್ಣೆ, ಟಾರ್ಚ್ ಹಿಡಿದು ಜೊತೆಗೆ ಹೋಗಬೇಕಿತ್ತು.

ಚಿರತೆಗೆ ನಮ್ಮ ನಾಲೆ ಬಯಲಿಗಿಂತ ಒಳ್ಳೇ ಮರೆ ಎಲ್ಲಿ ಸಿಗುತ್ತೆ? ಕಬ್ಬು ಹತ್ತರಿಂದ ಹನ್ನೆರಡು ತಿಂಗಳು ನಿಲ್ಲುತ್ತೆ. ಬೆಳೆದು ನಿಂತ ಮೇಲೆ ಒಳಗೆ ಮನುಷ್ಯ ಹೋಗೋದೇ ಅಪರೂಪ. ನೆರಳು, ನೀರು, ಊರಂಚಲ್ಲಿ ನಾಯಿ, ಕುರಿ. ಅಲ್ಲೇ ಮರಿ ಹಾಕಿ ಸಾಕುತ್ತೆ. ನಾವು ರಸ್ತೆಯಲ್ಲಿ ಬೈಕಲ್ಲಿ ಹೋಗ್ತೀವಿ, ಅದು ಐದು ಮಾರು ದೂರದಲ್ಲಿ ಕೂತು ನೋಡುತ್ತೆ. ಸಾವಿರ ವರ್ಷ ನಾವು ಮರೆಯಲ್ಲಿದ್ವಿ, ಪ್ರಾಣಿ ಬಯಲಲ್ಲಿತ್ತು. ಈಗ ಅದು ಮರೆಯಲ್ಲಿದೆ, ಬಯಲಲ್ಲಿರೋರು ನಾವು.

ಆ ಜನವರಿಯಲ್ಲಿ ಚಿಕ್ಕಪ್ಪನ ಕಬ್ಬಿನ ಅಂಚಿಗೆ ಬೋನು ಬಂತು. ಬೋನಿನ ಒಂದು ಭಾಗದಲ್ಲಿ ಮೇಕೆ, ಚಿರತೆಗೆ ಎಟುಕದ ಹಾಗೆ ಅಡ್ಡ ಕಂಬಿ. ಸಿಬ್ಬಂದಿ ಕಬ್ಬಿನ ಸೋಗೆ, ತರಗು ತಂದು ಕಬ್ಬಿಣವನ್ನೆಲ್ಲಾ ಹೊದಿಸಿದರು. ಒಳಗಿನ ತಳಕ್ಕೂ ಮಣ್ಣು, ತರಗು ಹಾಸಿದರು, ಅಂಗಾಲಿಗೆ ಕಬ್ಬಿಣ ತಾಗಬಾರದು ಅಂತ. ನೂರೈವತ್ತು ವರ್ಷದ ಹಿಂದೆ ಖೆಡ್ಡಾ ಬಾಗಿಲಿಗೆ ಕೊಂಬೆ ಕಟ್ಟಿದ್ದೂ ಇದೇ ಕೆಲಸ. “ಈ ಕಡೆ ಯಾರೂ ಬರಬೇಡಿ, ಶಬ್ದ ಮಾಡಬೇಡಿ” ಅಂತ ಹೇಳಿ ಹೋದರು.

ಸಂಜೆ ನಾನೇ ಹೋದೆ. ಫೋಟೋ ತೆಗೆದೆ. ‘ನಮ್ಮ ಹೊಲದಲ್ಲಿ ಬೋನು’ ಅಂತ ಬರೆದು ಸ್ಟೇಟಸ್ ಹಾಕಿದೆ. ಗಂಟೆಯೊಳಗೆ ಪಕ್ಕದೂರಿನ ಬೈಕುಗಳು ಬಂದವು. ಟಾರ್ಚು, ಸೆಲ್ಫಿ, ಬೀಡಿ, ಮೇಕೆಗೆ ಹುಲ್ಲು ಹಾಕೋರು, ಬಾಗಿಲು ಹೇಗೆ ಬೀಳುತ್ತೆ ಅಂತ ಅಲುಗಾಡಿಸಿ ನೋಡೋರು. ಮರುದಿನವೂ ಅಷ್ಟೇ ಜನ. ಮೂರನೇ ದಿನ ಬೆಳಿಗ್ಗೆ ನಾಲೆ ಏರಿ ಮೇಲೆ ಹೆಜ್ಜೆ ಗುರುತಿತ್ತು. ಬೋನಿನ ಕಡೆ ಬಂದು, ದೂರದಲ್ಲೇ ತಿರುಗಿ, ಬೇರೆ ಕಬ್ಬಿಗೆ ಹೋಗಿತ್ತು. ಕೊನೆಗೂ ಆ ಬೋನಿಗೆ ಅದು ಬೀಳಲೇ ಇಲ್ಲ. ಬೋನನ್ನ ಇನ್ನೊಂದು ಊರಿಗೆ ಸಾಗಿಸಿದರು.

ಜನ ಬರದೇ ಇದ್ದಿದ್ದರೆ ಬೀಳ್ತಿತ್ತಾ? ನನಗೆ ಗೊತ್ತಿಲ್ಲ. ಆದರೆ ತಂಗಿ ಇನ್ನೂ ಎಷ್ಟೋ ದಿನ ದೊಣ್ಣೆಯವರ ಜೊತೆ ಬಸ್ಸಿಗೆ ಹೋದಳು. ಅಷ್ಟು ದಿನವೂ ನನಗೆ ಅವಳ ಮುಖ ನೋಡಿ ಮಾತಾಡೋಕೆ ಆಗ್ತಿರಲಿಲ್ಲ. ತಾತ ಇದ್ದಿದ್ದರೆ ಗಾಳಿ ಎತ್ಲಾಗಿತ್ತು ಅಂತ ಕೇಳ್ತಿರಲಿಲ್ಲ, ಬಾಯಿ ಯಾಕೆ ಬಿಟ್ಟೆ ಅಂತ ಕೇಳ್ತಿದ್ದರು.

ಸೋಗೆ ಕಬ್ಬಿಣವನ್ನ ಮುಚ್ಚಿತ್ತು. ನಾನು ಜಾಗವನ್ನೇ ಬಿಚ್ಚಿಟ್ಟಿದ್ದೆ. ಕ್ರೀ ಹಿರಿಯರು ಹೆಜ್ಜೆ ಅಳಿಸಿ ಅಂದರಲ್ಲ, ನಮ್ಮ ಕಾಲದ ಹೆಜ್ಜೆ ಗುರುತು ಲೊಕೇಶನ್. ಮೇಲಿಂದ ನೋಡೋ ಹಕ್ಕಿಗಿಂತ ಚೆನ್ನಾಗಿ ಅದನ್ನ ಜನ ನೋಡ್ತಾರೆ. ಬೇಟೆಯ ಕಾಲದಲ್ಲಿ ಪ್ರಾಣಿಯನ್ನ ಕೊಲ್ಲೋಕೆ ಬೇಕಾಗಿದ್ದ ಶಿಸ್ತು ಈಗ ಅದನ್ನೂ ನಮ್ಮನ್ನೂ ಉಳಿಸೋಕೆ ಬೇಕಾಗಿದೆ. ಬೋನು ಇಟ್ಟಿದ್ದಾರಾ, ಆ ಕಡೆ ಹೋಗಬೇಡಿ, ಫೋಟೋ ಹಾಕಬೇಡಿ. ಉರುಳು ಕಂಡ್ರೆ ಅರಣ್ಯ ಇಲಾಖೆಗೆ ಹೇಳಿ. ಕೆರೆಯಲ್ಲಿ ಹೆಬ್ಬಾತು ಕೂತಿದೆಯಾ, ಡ್ರೋನ್ ಹಾರಿಸಬೇಡಿ. ರಾತ್ರಿ ಗದ್ದೆಯಲ್ಲಿ ಮೇಯ್ದು ಹಗಲು ನೀರಲ್ಲಿ ಸುಧಾರಿಸಿಕೊಳ್ಳೋ ಹಕ್ಕಿಯದು. ಒಂದೊಂದು ಸಲ ಎಬ್ಬಿಸಿದಾಗಲೂ ಅದು ವಾಪಸ್ ಪ್ರಯಾಣಕ್ಕೆ ಕೂಡಿಟ್ಟ ಶಕ್ತಿಯಿಂದಲೇ ಖರ್ಚು ಮಾಡುತ್ತೆ.

ಮುಂದಿನ ವರ್ಷ ಮತ್ತೆ ಹದಿನಾರಿಗೆ ಹೋದೆ. ಮಾಸಲು ಬಣ್ಣದ ಶರ್ಟು, ಫೋನು ಜೇಬಲ್ಲಿ. ಅದೇ ಹಿರಿಯರು ಸಿಕ್ಕಿದರು. ಅವರ ಎಮ್ಮೆಗಳ ಹಿಂದೆ ಬಗ್ಗಿಕೊಂಡು ಏರಿ ಇಳಿದು, ಜಾಲಿ ಬುಡದಲ್ಲಿ ಕೂತೆ. ಮೊದಲು ಒಂದೆರಡು ಕತ್ತು ಮೇಲಾಯ್ತು. ಎಮ್ಮೆಗಳು ನೀರಿಗಿಳಿದವು, ಕತ್ತುಗಳು ಕೆಳಗಾದವು. ಮುಕ್ಕಾಲು ಗಂಟೆ ಕೂತಿದ್ದೆ. ಕಾಲು ಜೋಮು ಹಿಡೀತು. ಒಂದು ಹೆಬ್ಬಾತು ಇಪ್ಪತ್ತು ಅಡಿ ದೂರದಲ್ಲಿ ರೆಕ್ಕೆಯಲ್ಲಿ ತಲೆಯಿಟ್ಟು ನಿದ್ದೆ ಮಾಡ್ತು.

ಫೋಟೋ ಇಲ್ಲ. ಕೇಳಬೇಡಿ.

ಇದು ಇವತ್ತಿನ ಸಂಚಿಕೆ. ನಿಮ್ಮೂರಲ್ಲಿ ಅಟ್ಟಣೆ, ಬೋನು, ಕೆರೆಬಾತಿನ ಕಥೆ ಹೇಳೋ ಅಜ್ಜ ಅಜ್ಜಿ ಇದ್ದರೆ ಅವರ ದನಿ ರೆಕಾರ್ಡ್ ಮಾಡಿ ಕಳಿಸಿ. ಜಾಗದ ಗುರುತು ಮಾತ್ರ ಬೇಡ. ಮತ್ತೆ ಸಿಗೋಣ.